ಗಿನಿಪಿಗ್ ಗೂಡಿಗೆ ಸ್ನಗಲ್‌ಸೇಫ್: ಬಿಲ್ಲೆ ಒಳ್ಳೆಯದೇ, ಆದರೆ ಅದು ಹೀಟರ್ ಅಲ್ಲ

ಇಂಗ್ಲೆಂಡಿನ ಹಿತ್ತಲಲ್ಲಿ ಮರದ ಗೂಡಿಟ್ಟು ಗಿನಿಪಿಗ್ ಸಾಕಿದವರಿಗೆ ಚಳಿಗಾಲ ಬಂತೆಂದರೆ ಎಲ್ಲರೂ ಮೊದಲು ಹೇಳುವ ಹೆಸರು ಸ್ನಗಲ್‌ಸೇಫ್. ಗಟ್ಟಿ ಪ್ಲಾಸ್ಟಿಕ್ಕಿನ ದುಂಡನೆ ಬಿಲ್ಲೆ, ಊಟದ ತಟ್ಟೆಗಿಂತ ಒಂದು ಸುತ್ತು ಚಿಕ್ಕದು, ಎತ್ತಿದರೆ ಕೈಗೆ ಭಾರವೆನಿಸುತ್ತದೆ. ಮೈಕ್ರೊವೇವ್‌ನಲ್ಲಿ ಕಾಯಿಸಿ, ಬಟ್ಟೆಯ ಕವಚ ತೊಡಿಸಿ ಗೂಡಿನೊಳಗೆ ಇಟ್ಟರೆ 10 ಗಂಟೆಯವರೆಗೆ ಬಿಸಿ ಇರುತ್ತದೆ ಎಂಬುದು ತಯಾರಕರ ಮಾತು. ವೈರ್ ಇಲ್ಲ, ಕರೆಂಟ್ ಇಲ್ಲ. ಸಿಕ್ಕಿದ್ದನ್ನೆಲ್ಲ ಕಡಿಯುವ ಪ್ರಾಣಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಬೇಕಿಲ್ಲ.

ಆ ಹತ್ತು ಗಂಟೆಯ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಡಿಸೆಂಬರ್ ಕೊನೆಯಲ್ಲಿ ಲಂಡನ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗಿ, ಮರುದಿನ ಎಂಟು ದಾಟಿದ ಮೇಲೆ ಹುಟ್ಟುತ್ತಾನೆ. ರಾತ್ರಿಯೆಂದರೆ ಹದಿನಾರು ಗಂಟೆ. ಸಂಜೆ ಏಳಕ್ಕೆ ಮೇವು ಹಾಕುವಾಗ ಬಿಲ್ಲೆಯನ್ನೂ ಇಟ್ಟು ಬಂದರೆ, ಚಳಿ ತುಂಬ ಏರುವ ಬೆಳಗಿನ ಜಾವಕ್ಕೆ ಅದು ಬರೀ ಪ್ಲಾಸ್ಟಿಕ್ ತಟ್ಟೆ. ಅದೂ ಅಲ್ಲದೆ, ಹತ್ತು ಗಂಟೆ ಎಂಬುದು ಹೊದಿಕೆಯೊಳಗೆ ಬೆಚ್ಚಗಿರುವ ಬಿಲ್ಲೆಯ ಲೆಕ್ಕ. ಸೊನ್ನೆ ಡಿಗ್ರಿಯ ಗಾಳಿಗೆ ತೆರೆದುಕೊಂಡಿದ್ದರೆ ಅಷ್ಟು ಹೊತ್ತು ಬರುವುದಿಲ್ಲ. ಮಲಗುವ ಮುನ್ನ ಹತ್ತೂವರೆ, ಹನ್ನೊಂದಕ್ಕೆ ಇಡುವುದು ಸರಿ. ಸಂಜೆಗೂ ಬೇಕೆಂದರೆ ಇನ್ನೊಂದು ಬಿಲ್ಲೆ ಕೊಳ್ಳಬೇಕು. ಒಂದನ್ನೇ ಮತ್ತೆ ಮತ್ತೆ ಕಾಯಿಸುವ ಯೋಚನೆ ಬೇಡ.

ಯಾಕೆಂದರೆ ಬಿಲ್ಲೆ ಪೂರ್ತಿ ಆರದೆ ಮತ್ತೆ ಮೈಕ್ರೊವೇವ್‌ಗೆ ಹೋದರೆ ಒಳಗಿನ ವಸ್ತು ಮಿತಿಮೀರಿ ಕಾದು ಪ್ಲಾಸ್ಟಿಕ್ ಚಿಪ್ಪು ಉಬ್ಬುತ್ತದೆ, ಬಿರುಕು ಬಿಡುತ್ತದೆ. ಕಾಯಿಸುವ ನಿಮಿಷ ನಿಮ್ಮ ಮೈಕ್ರೊವೇವ್‌ನ ವ್ಯಾಟ್ ಮೇಲೆ ನಿಂತಿದೆ. ಒಲೆಯ ಬಾಗಿಲಲ್ಲೋ ಹಿಂಬದಿಯಲ್ಲೋ ಬರೆದಿರುವ ಅಂಕಿ ನೋಡಿ, ಬಿಲ್ಲೆಯ ಸೂಚನೆಯಲ್ಲಿರುವ ನಿಮಿಷಕ್ಕೆ ಹೊಂದಿಸಿ. ಅಂದಾಜು ಬೇಡ, ಪಕ್ಕದ ಮನೆಯವರ ನಿಮಿಷವಂತೂ ಬೇಡವೇ ಬೇಡ. ಒಳಗಿನ ಗಾಜಿನ ತಟ್ಟೆ ತಿರುಗುವಾಗ ಬಿಲ್ಲೆ ಎಲ್ಲೂ ತಾಗಿ ನಿಲ್ಲಬಾರದು, ನಿಂತರೆ ಒಂದೇ ಕಡೆ ಸುಡುತ್ತದೆ. ಗ್ರಿಲ್ ಇರುವ ಮೈಕ್ರೊವೇವ್ ಆದರೆ ಗ್ರಿಲ್ ಆಫ್ ಮಾಡಿ, ಅದರ ಬಿಸಿಯೂ ಇಳಿದ ಮೇಲೆ ಇಡಿ. ಪ್ರತಿ ಸಲ ಒಲೆಗೆ ಹಾಕುವ ಮುಂಚೆ ಅಂಚಿನ ಸುತ್ತ ಬೆರಳಾಡಿಸಿ: ಹಲ್ಲಿನ ಗೀರು ಆಳವಾಗಿದ್ದರೆ, ಕೂದಲೆಳೆಯಷ್ಟು ಬಿರುಕು ಕಂಡರೂ, ಆ ಬಿಲ್ಲೆಯ ಕೆಲಸ ಮುಗಿಯಿತು.

ಜೊತೆಗೆ ಸಿಗುವ ಬಟ್ಟೆಯ ಕವಚ ತೆಳು. ಮೇಲೊಂದು ಫ್ಲೀಸ್ ಬಟ್ಟೆ ಸುತ್ತಿ, ಮೊಣಕೈ ಒಳಮಗ್ಗುಲಿಗೆ ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಮಗೆ ತಡೆಯಲಾಗದಿದ್ದರೆ ಗಿನಿಪಿಗ್‌ಗೂ ತಡೆಯದು. ಅದನ್ನು ಮಲಗುವ ಜಾಗದ ಒಂದು ಮೂಲೆಯಲ್ಲಿಡಿ, ನಡುವೆ ಬೇಡ. ಬಿಸಿ ಹೆಚ್ಚೆನಿಸಿದಾಗ ಸರಿದು ಕೂರಲು ಅರ್ಧ ಜಾಗವಾದರೂ ಖಾಲಿ ಇರಬೇಕು.

ಇಷ್ಟು ಮಾಡಿದರೂ ಬಿಲ್ಲೆ ಗೂಡನ್ನು ಬೆಚ್ಚಗೆ ಮಾಡುವುದಿಲ್ಲ. ನಾಲ್ಕೈದು ಅಡಿ ಉದ್ದದ, ಮುಂದೆ ಜಾಲರಿ ಇರುವ ಗೂಡಿನಲ್ಲಿ ಅದರ ಬಿಸಿ ಗಾಳಿಗೆ ಹಾರಿ ಹೋಗುತ್ತದೆ. ಅದರಿಂದ ಬೆಚ್ಚಗಾಗುವುದು ಒಂದು ಚಿಕ್ಕ ಪೆಟ್ಟಿಗೆ ಮಾತ್ರ. ಹಾಗಾಗಿ ಆ ಪೆಟ್ಟಿಗೆ ಇಲ್ಲದೆ ಬಿಲ್ಲೆ ಕೊಂಡರೆ ದುಡ್ಡು ದಂಡ. ಎರಡು ಗಿನಿಪಿಗ್‌ಗೆ ಸುಮಾರು 45 ಸೆಂಟಿಮೀಟರ್ ಉದ್ದ, 30 ಅಗಲ, 25 ಎತ್ತರದ ರಟ್ಟಿನ ಡಬ್ಬ ಸಾಕು. ಟೇಪು, ಸ್ಟೇಪಲ್ ಪಿನ್ ಎಲ್ಲ ಕಿತ್ತು, ಎದುರುಬದುರಲ್ಲದೆ ಅಕ್ಕಪಕ್ಕದ ಗೋಡೆಗಳಲ್ಲಿ ಎರಡು ಬಾಗಿಲು ಕೊಯ್ಯಿರಿ. ಎದುರುಬದುರು ಇದ್ದರೆ ಗಾಳಿ ನೇರ ನುಗ್ಗುತ್ತದೆ, ಒಂದೇ ಬಾಗಿಲಿದ್ದರೆ ಜೋರಿನ ಗಿನಿಪಿಗ್ ಇನ್ನೊಂದನ್ನು ಒಳಗೇ ಅಡ್ಡಗಟ್ಟುತ್ತದೆ. ಅಡಿಗೆ ಹತ್ತು ಹನ್ನೆರಡು ಹಾಳೆ ಸುದ್ದಿಪತ್ರಿಕೆ, ಅದರ ಮೇಲೆ ಡಬ್ಬದ ಮುಕ್ಕಾಲು ಭಾಗ ತುಂಬುವಷ್ಟು ಹೇ, ಅಂದರೆ ಮೇವಿಗೆಂದು ಒಣಗಿಸಿದ ಹುಲ್ಲು. ಒಳಗೆ ಹೋದ ಪ್ರಾಣಿ ನಿಮಗೆ ಕಾಣದಂತೆ ಮುಳುಗಿದರೆ ಹುಲ್ಲು ಸಾಕಷ್ಟಿದೆ ಎಂದರ್ಥ. ಗೋಧಿ, ಬಾರ್ಲಿ ಕೊಯ್ದುಳಿದ ಟೊಳ್ಳು ದಂಟಿನ ಸ್ಟ್ರಾ ಚೆನ್ನಾಗಿ ಬೆಚ್ಚಗಿಡುತ್ತದೆ, ಅಗ್ಗವೂ ಹೌದು, ಆದರೆ ಅದರ ಗಟ್ಟಿ ತುದಿ ಕಣ್ಣಿಗೆ ಚುಚ್ಚುತ್ತದೆ. ಹೇ ಹಾಗಲ್ಲ, ಹಾಸಿಗೆಯೂ ಅದೇ, ಊಟವೂ ಅದೇ. ನಾರು ಕರುಳಿನಲ್ಲಿ ಹುದುಗಿ ಕರಗುವಾಗ ಹುಟ್ಟುವ ಶಾಖ ಮೈಯನ್ನು ಒಳಗಿನಿಂದ ಕಾಯುತ್ತದೆ. ಬಿಲ್ಲೆ ಆರಿದ ಮೇಲೂ ಆ ಒಲೆ ಉರಿಯುತ್ತಲೇ ಇರುತ್ತದೆ.

ಒದ್ದೆ ಹುಲ್ಲನ್ನು ಮಾತ್ರ ದಿನಾ ತೆಗೆಯಬೇಕು. ಒದ್ದೆ ಹಾಸಿಗೆ ಮೈಯ ಬಿಸಿಯನ್ನು ಹೀರುತ್ತದೆ, ಮೂತ್ರದ ಅಮೋನಿಯ ಶ್ವಾಸಕೋಶವನ್ನು ಕೆಡಿಸುತ್ತದೆ. ಚಳಿಗಾಲದಲ್ಲಿ ಗಿನಿಪಿಗ್‌ಗೆ ಬರುವ ನ್ಯುಮೋನಿಯಕ್ಕೆ ಬರೀ ಚಳಿಯನ್ನು ದೂರಿ ಪ್ರಯೋಜನವಿಲ್ಲ, ಚಳಿ ಮತ್ತು ತೇವ ಜೊತೆಯಾದಾಗ ಅಪಾಯ ಹೆಚ್ಚು. ಫ್ಲೀಸ್ ಹಾಸು ಮನೆಯೊಳಗೆ ಚೆಂದ. ಹೊರಗೆ ಒಮ್ಮೆ ನೆನೆದರೆ ಒಣಗುವುದೇ ಇಲ್ಲ.

ಬಿಲ್ಲೆಯ ಜೊತೆಗೇ ಅಂಗಡಿಯವರು ತೋರಿಸುವುದು ಗೂಡಿಗೆ ತೊಡಿಸುವ ಪ್ಲಾಸ್ಟಿಕ್ ಹೊದಿಕೆ. ಮಳೆ, ಗಾಳಿ ತಡೆಯಲು ಅದು ಬೇಕೇ ಬೇಕು, ಆದರೆ ಅಳತೆ ತಪ್ಪಿದರೆ ಉಪಯೋಗಕ್ಕಿಂತ ಉಪದ್ರವ ಹೆಚ್ಚು. ಕೊಳ್ಳುವ ಮೊದಲು ಗೂಡಿನ ಉದ್ದ, ಆಳ, ಮುಂದಿನ ಎತ್ತರ, ಹಿಂದಿನ ಎತ್ತರ ನಾಲ್ಕನ್ನೂ ಅಳೆಯಿರಿ. ಸೂರು ಇಳಿಜಾರಾಗಿರುವುದರಿಂದ ಮುಂದಿನದಕ್ಕೂ ಹಿಂದಿನದಕ್ಕೂ ವ್ಯತ್ಯಾಸ ಇದ್ದೇ ಇರುತ್ತದೆ. ಮುಂದಿನ ಪರದೆಯನ್ನು ಪೂರ್ತಿ ಇಳಿಬಿಟ್ಟು ಮುಚ್ಚಿದರೆ ಉಸಿರಿನ ಹಬೆ ಹೊರಹೋಗದೆ ಸೂರಿಗೆ ಅಂಟುತ್ತದೆ. ಬೆಳಿಗ್ಗೆ ಗೂಡಿನ ಒಳಸೂರನ್ನು ಅಂಗೈಯಲ್ಲಿ ಸವರಿ ನೋಡಿ. ಕೈ ಒದ್ದೆಯಾದರೆ ಮೇಲ್ಗಡೆ ನಾಲ್ಕು ಬೆರಳಷ್ಟು ತೆರವು ಬಿಡಬೇಕು. ಗೂಡಿನ ಕಾಲಿನಡಿ ಇಟ್ಟಿಗೆ ಇಟ್ಟು ನೆಲದಿಂದ ಎತ್ತರಿಸಿ, ಉತ್ತರ ಮತ್ತು ಪೂರ್ವದ ಗಾಳಿಗೆ ಬೆನ್ನು ಮಾಡಿ ನಿಲ್ಲಿಸಿದರೆ ಹೊದಿಕೆಯ ಅರ್ಧ ಕೆಲಸ ಹಾಗೇ ಆಗಿಬಿಡುತ್ತದೆ.

ನೀರಿನ ಬಾಟಲಿಯಲ್ಲಿ ಮೊದಲು ಹೆಪ್ಪುಗಟ್ಟುವುದು ನಳಿಕೆಯ ತುದಿಯ ಗುಂಡು. ಬಾಟಲಿಗೆ ದಪ್ಪ ಕಾಲುಚೀಲ ತೊಡಿಸುವುದರಿಂದ ನೀರು ಉಳಿಯಬಹುದು, ಗುಂಡು ಮಾತ್ರ ಅಲ್ಲಾಡುವುದಿಲ್ಲ. ಬಾಟಲಿ ತುಂಬಿರುವುದನ್ನು ನೋಡಿ ಸಮಾಧಾನಪಟ್ಟುಕೊಳ್ಳದೆ, ದಿನಕ್ಕೆರಡು ಸಲ ಗುಂಡನ್ನು ಬೆರಳಲ್ಲಿ ಒತ್ತಿ ನೀರು ಬರುತ್ತದೆಯೇ ನೋಡಬೇಕು. ಎರಡು ಬಾಟಲಿ ಇಟ್ಟುಕೊಂಡು ಒಳಗೊಂದು ಹೊರಗೊಂದು ಬದಲಾಯಿಸುವುದು ಸುಲಭ. ಚಳಿಗೆ ಹುಲ್ಲುಗಾವಲು ಸೊರಗುವುದರಿಂದ ವಿಟಮಿನ್ ಸಿ ಕಡೆಗೂ ಗಮನವಿರಲಿ. ಮನುಷ್ಯರಂತೆ ಗಿನಿಪಿಗ್ ಕೂಡ ಅದನ್ನು ತಾನೇ ತಯಾರಿಸಿಕೊಳ್ಳಲಾರದು. ನೀರಿಗೆ ಬೆರೆಸಿದರೆ ಬೇಗ ಕೆಡುತ್ತದೆ, ದಿನಾ ಒಂದು ತುಂಡು ದೊಣ್ಣೆಮೆಣಸಿನಕಾಯಿಯೇ ವಾಸಿ.

ಬಿಲ್ಲೆಗೆ ಬದಲು ಬಿಸಿನೀರಿನ ರಬ್ಬರ್ ಚೀಲ ಇಡುವವರಿದ್ದಾರೆ. ಕಡಿದು ತೂತಾದರೆ ರಾತ್ರಿಯಿಡೀ ನೆನೆದ ಹಾಸಿಗೆಯೇ ಗತಿ. ಮರದ ಗೂಡು, ಒಣ ಹುಲ್ಲಿನ ಪಕ್ಕ ಕರೆಂಟ್ ಹೀಟರ್ ಇಡುವ ಮಾತೇ ಬೇಡ.

ಬಿಲ್ಲೆ, ಡಬ್ಬ, ಹೊದಿಕೆ ಮೂರೂ ಸೇರಿ ಎಷ್ಟು ಕೆಲಸ ಮಾಡುತ್ತಿವೆ ಎಂದು ತಿಳಿಯಲು ಗರಿಷ್ಠ, ಕನಿಷ್ಠ ಎರಡನ್ನೂ ನೆನಪಿಡುವ ಡಿಜಿಟಲ್ ಥರ್ಮಾಮೀಟರ್ ಒಂದಿರಲಿ. ಮಲಗುವ ಕೋಣೆಯಲ್ಲಿ, ಪ್ರಾಣಿಯ ಬೆನ್ನಿನ ಎತ್ತರಕ್ಕೆ, ಬಿಲ್ಲೆಯಿಂದ ದೂರ, ಹಲ್ಲಿಗೆ ಸಿಗದಂತೆ ಕಟ್ಟಿ. ಬ್ರಿಟನ್ನಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಗಿನಿಪಿಗ್‌ಗೆ ಹಿತವೆಂದು ಹೇಳುವುದು 17ರಿಂದ 20 ಡಿಗ್ರಿ. ರಾತ್ರಿಯ ಕನಿಷ್ಠ 15ಕ್ಕಿಂತ ಕೆಳಗೇ ಉಳಿಯುತ್ತಿದ್ದರೆ ಒಳಗೆ ತರುವುದು ಸರಿ. ಅಂದರೆ ಇಂಗ್ಲೆಂಡಿನಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಹೆಚ್ಚುಕಡಿಮೆ ದಿನವೂ. ಈ ಬಿಲ್ಲೆಯನ್ನು ಮೆಚ್ಚುವಾಗಲೂ ಇದನ್ನು ಹೇಳದೆ ವಿಧಿಯಿಲ್ಲ: ಹಿಮ ಬೀಳುವ ರಾತ್ರಿ ಹೊರಗಿನ ಗೂಡಿಗೆ ಅದು ಪರಿಹಾರವಲ್ಲ. ಅದರ ನಿಜವಾದ ಜಾಗ ಹಿತ್ತಲ ಶೆಡ್, ಕಾರು ನಿಲ್ಲಿಸದ ಗ್ಯಾರೇಜು, ಹೀಟಿಂಗ್ ಇಲ್ಲದ ಕನ್ಸರ್ವೇಟರಿ (ಮನೆಗೆ ತಾಗಿಸಿ ಕಟ್ಟಿದ ಗಾಜಿನ ಕೋಣೆ). ಅಲ್ಲಿ ಗಾಳಿಯ ಹೊಡೆತವಿಲ್ಲ, ಬಿಲ್ಲೆಯ ಬಿಸಿ ಹೆಚ್ಚು ಹೊತ್ತು ನಿಲ್ಲುತ್ತದೆ. ಒಮ್ಮೆ ಬೆಚ್ಚಗಿನ ಕೋಣೆಗೆ ತಂದವರು ಹಗಲು ಹೊರಗೆ, ರಾತ್ರಿ ಒಳಗೆ ಎಂದು ಆಡಿಸಬಾರದು. ವಸಂತದವರೆಗೆ ಒಳಗೇ ಇರಲಿ.

ಕೂದಲು ಉಬ್ಬಿಸಿ ಗೂನಾಗಿ ಕೂತು, ಕಿವಿ ತಣ್ಣಗಾಗಿ, ಮೇವಿನ ಕಡೆ ತಿರುಗದ ಗಿನಿಪಿಗ್‌ನ್ನು ಬಿಲ್ಲೆಯ ಮೇಲೆ ಕೂರಿಸಿ ಕಾಯಬೇಡಿ. ಟವೆಲ್‌ನಲ್ಲಿ ಸುತ್ತಿ, ಒಳಗೆ ತಂದು, ಕೂಡಲೇ ವೈದ್ಯರಿಗೆ ಫೋನ್ ಮಾಡಿ. ಕೆಲವೇ ಗಂಟೆ ತಿನ್ನದಿದ್ದರೂ ಅದರ ಕರುಳು ನಿಂತುಹೋಗಬಹುದು.

ಬೆಂಗಳೂರಿನಲ್ಲಿ ಸಾಕುವವರು ಇದನ್ನು ತರಿಸಿಕೊಳ್ಳಬೇಕೇ? ಡಿಸೆಂಬರ್ ಜಾವಕ್ಕೂ ಅಲ್ಲಿ ಸಾಮಾನ್ಯವಾಗಿ 15, 16 ಡಿಗ್ರಿ ಇರುತ್ತದೆ. ಬಾಲ್ಕನಿಯ ಗಾಳಿಗೆ ಒಂದು ಮರೆ, ಒಳಗೆ ಹೇ ತುಂಬಿದ ರಟ್ಟಿನ ಡಬ್ಬ, ಅಷ್ಟೇ ಸಾಕು. ಅಲ್ಲಿ ದುಡ್ಡು ಖರ್ಚು ಮಾಡಬೇಕಾದದ್ದು ಏಪ್ರಿಲ್‌ನ ಸೆಕೆಗೆ.