ಬೆಟ್ಟ, ಬಸ್ಸು, ಕೋತಿ: ನಮ್ಮ ಕಡೆಯ ಸುತ್ತಾಟಕ್ಕೆ ಎಂಥ ಸೈಡ್ ಬ್ಯಾಗ್ ಬೇಕು?

ಒಂದು ದಿನದ ಸುತ್ತಾಟಕ್ಕೆ ಹೆಗಲಿಗೆ ಹಾಕಿಕೊಳ್ಳುವ ಬ್ಯಾಗ್ ಐದರಿಂದ ಏಳು ಲೀಟರ್ ಹಿಡಿದರೆ ಸಾಕು. ಎರಡು-ಮೂರು ಲೀಟರಿನದು ನೋಡಲು ಚೆಂದ, ಆದರೆ ಅದರಲ್ಲಿ ನೀರಿನ ಬಾಟಲಿ ಹೋಗುವುದಿಲ್ಲ. ಹತ್ತು ಲೀಟರಿನದು ತಗೊಂಡರೆ ಹೇಗೂ ಜಾಗ ಇದೆಯಲ್ಲ ಅಂತ ಮನೆಮಂದಿಯ ಸ್ವೆಟರು, ತಿಂಡಿ, ಚಾರ್ಜರು ಎಲ್ಲ ಅದಕ್ಕೇ ಸೇರುತ್ತವೆ. ಹೊರುವುದು ಮಾತ್ರ ಒಂದೇ ಹೆಗಲು.

ಅಂಗಡಿಯಲ್ಲಿ ಲೀಟರ್ ಲೆಕ್ಕ ಕೇಳಿ ಪ್ರಯೋಜನವಿಲ್ಲ. ತುಮಕೂರಿನ ಎಂ.ಜಿ. ರಸ್ತೆಯಾಗಲಿ, ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಾಗಲಿ, ಮಾತೆಲ್ಲ ಇಂಚಿನಲ್ಲೇ. ಬ್ಯಾಗಿನ ಒಳಗಿನ ಎತ್ತರ, ಅಗಲ, ದಪ್ಪವನ್ನು ಸೆಂಟಿಮೀಟರಿನಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿದರೆ ಲೀಟರ್ ಸಿಗುತ್ತದೆ: 26 × 22 × 10 ಅಂದರೆ 5.7 ಲೀಟರ್. ಟೇಪ್ ಇಲ್ಲವೇ, ಒಂದು ಗೇಣಿನ ಮೇಲೆ ಎರಡು ಬೆರಳು ಎತ್ತರ, ಒಂದು ಗೇಣು ಅಗಲ, ಅಂಗೈ ಅಗಲದಷ್ಟು ದಪ್ಪ ನೋಡಿಕೊಳ್ಳಿ. ಮೂರು ಮಡಿಕೆಯ ಛತ್ರಿ ಸುಮಾರು 24-25 ಸೆಂಟಿಮೀಟರ್ ಇರುತ್ತದೆ, ಅದು ನಿಲ್ಲಬೇಕು. ಎಲ್ಲಕ್ಕಿಂತ ಒಳ್ಳೆಯದು, ನೀವು ದಿನಾ ಬಳಸುವ ಅರ್ಧ ಲೀಟರ್ ಬಾಟಲಿಯನ್ನೇ ಅಂಗಡಿಗೆ ತಗೊಂಡು ಹೋಗಿ, ಒಳಗೆ ನಿಲ್ಲಿಸಿ, ಜಿಪ್ ಪೂರ್ತಿ ಎಳೆದು ನೋಡುವುದು. ಮುಚ್ಚಳ ಜಿಪ್ಪಿಗೆ ತಾಗಿದರೆ ಆ ಬ್ಯಾಗ್ ಬೇಡ. ಆರು ತಿಂಗಳಲ್ಲಿ ಅದೇ ಜಾಗದಲ್ಲಿ ಜಿಪ್ ಬಾಯಿ ಬಿಡುತ್ತದೆ.

ಬಾಟಲಿ ಒಳಗೇ ಇರಬೇಕು ಅಂತ ಇಷ್ಟು ಹಟ ಮಾಡುವುದಕ್ಕೆ ಕಾರಣ ಕೋತಿಗಳು. ನಂದಿ ಬೆಟ್ಟ, ದೇವರಾಯನದುರ್ಗ, ಕೋಲಾರದ ಅಂತರಗಂಗೆ, ಮೂರೂ ಕಡೆ ಅವುಗಳದೇ ರಾಜ್ಯ. ಪಕ್ಕದ ಬಲೆ ಜೇಬಿನಲ್ಲಿ ಬಾಟಲಿ ಕಂಡರೆ ಹಿಂದಿನಿಂದ ಬಂದು ಕಿತ್ತುಕೊಂಡು ಹೋಗುತ್ತವೆ. ಪ್ಲಾಸ್ಟಿಕ್ ಕವರಿನ ಸರಸರ ಸದ್ದು ಅವಕ್ಕೆ ಚೆನ್ನಾಗಿ ಗೊತ್ತು. ಹಾಗಾಗಿ ಬೆಟ್ಟಕ್ಕೆ ಹೋಗುವವರಿಗೆ ಹೊರಗಿನ ಬಾಟಲಿ ಜೇಬು ಒಂದು ಸೌಕರ್ಯವೇ ಅಲ್ಲ. ಮೇಲ್ಗಡೆ ಬಾಯಿ ತೆರೆದೇ ಇರುವ, ನಡುವೆ ಒಂದು ಅಯಸ್ಕಾಂತದ ಗುಂಡಿ ಮಾತ್ರ ಇರುವ ಟೋಟ್ ಮಾದರಿಯ ಬ್ಯಾಗೂ ಅಷ್ಟೇ, ಮದುವೆ ಮನೆಗೆ ಸರಿ. ಬೆಟ್ಟಕ್ಕೆ ಈ ತುದಿಯಿಂದ ಆ ತುದಿಗೆ ಮುಚ್ಚುವ ಜಿಪ್ ಬೇಕು. ಬ್ಯಾಗನ್ನು ಒಂದೇ ಹೆಗಲಿಗೆ ನೇತು ಹಾಕಿಕೊಳ್ಳದೆ ಎದೆಯ ಮೇಲೆ ಅಡ್ಡಲಾಗಿ ಹಾಕಿಕೊಂಡರೆ ಕೋತಿ ಎಳೆದರೂ ಕಳಚಿಕೊಳ್ಳುವುದಿಲ್ಲ. ಬಾಳೆಹಣ್ಣು, ಬಿಸ್ಕತ್ತು ಒಯ್ಯುವುದೇ ಆದರೆ ಮುಚ್ಚಳ ಬಿಗಿಯಾಗಿರುವ ಡಬ್ಬಿಯಲ್ಲಿಟ್ಟು ಬ್ಯಾಗಿನ ತಳಕ್ಕೆ ಹಾಕಿ.

ಇನ್ನು ಬಟ್ಟೆ. ಚೀಟಿಯ ಮೇಲೆ ಡೀನಿಯರ್ ಅಂತ ಒಂದು ಅಂಕಿ ಇರುತ್ತದೆ, ಅದು ನೂಲಿನ ದಪ್ಪದ ಲೆಕ್ಕ: 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 600 ಡೀನಿಯರ್ ಪಾಲಿಯೆಸ್ಟರ್. ಗಟ್ಟಿ, ಆಕಾರ ಬಿಡುವುದಿಲ್ಲ, ಕೊಂಚ ಭಾರ. 210 ಡೀನಿಯರ್ ನೈಲಾನ್ ಹಗುರ, ಮಡಿಚಿ ದೊಡ್ಡ ಬ್ಯಾಗಿನೊಳಗೆ ಇಡಬಹುದು. ಆದರೆ ಸ್ಕಂದಗಿರಿಯ ಬಂಡೆಗೆ ಉಜ್ಜಿದರೆ ಬೇಗ ತೂತು. 420 ಡೀನಿಯರ್ ನೈಲಾನ್ ಸಿಕ್ಕರೆ ಅದೇ ಎಲ್ಲದಕ್ಕೂ ಹೊಂದುವಂಥದ್ದು. ಅಂಕಿ ನೋಡಿ ಮಾತ್ರ ಮರುಳಾಗಬೇಡಿ, ಯಾಕೆಂದರೆ ಒಂದೇ ದಪ್ಪದ ನೂಲಿಗೆ ನೈಲಾನ್ ಪಾಲಿಯೆಸ್ಟರಿಗಿಂತ ಹೆಚ್ಚು ಸವೆತ ತಾಳುತ್ತದೆ. ರೆಕ್ಸಿನ್ ಬ್ಯಾಗು ಹೊಸದಾಗಿ ಮಿರಮಿರ ಮಿಂಚುತ್ತದೆ, ಬೆಲ್ಟ್ ಮಡಿಚುವ ಕಡೆ ಬೇಗನೆ ಸಿಪ್ಪೆ ಏಳುತ್ತದೆ. ಕಾಟನ್ ಕ್ಯಾನ್ವಾಸ್ ನೆನೆದರೆ ಒಣಗಲು ಒಂದು ದಿನ ಬೇಕು. ಅಪ್ಪಟ ಚರ್ಮದ್ದು ಬಾಳಿಕೆ ಬರುತ್ತದಾದರೂ ಭಾರ. ಜತೆಗೆ ಚರ್ಮದ ವಸ್ತು ಒಳಗೆ ಒಯ್ಯಲು ಒಪ್ಪದ ದೇವಸ್ಥಾನಗಳಲ್ಲಿ ಬ್ಯಾಗ್ ಕಾಯಲು ಒಬ್ಬರು ಹೊರಗೇ ಕೂರಬೇಕಾಗುತ್ತದೆ.

‘ವಾಟರ್‌ಪ್ರೂಫ್’ ಅನ್ನುವ ಚೀಟಿಯನ್ನು ಅರ್ಧ ಮಾತ್ರ ನಂಬಿ. ಬಟ್ಟೆಯ ಒಳಮೈಗೆ ಲೇಪ ಇದ್ದರೂ ಹೊಲಿಗೆಯ ಸೂಜಿ ತೂತು ಮತ್ತು ಜಿಪ್ಪಿನ ಹಲ್ಲುಗಳ ಸಂದಿಯಲ್ಲಿ ನೀರು ಇಳಿದೇ ಇಳಿಯುತ್ತದೆ. ಲೇಪ ಇದೆಯೋ ಇಲ್ಲವೋ ತಿಳಿಯಲು ಸುಲಭದ ದಾರಿ ಉಂಟು. ಅಸ್ತರು ಇಲ್ಲದ ಕಡೆ ಬಟ್ಟೆಗೆ ಬಾಯಿಟ್ಟು ಜೋರಾಗಿ ಊದಿ. ಗಾಳಿ ಆಚೆ ದಾಟಿದರೆ ಲೇಪ ಇಲ್ಲ. ನಂದಿಯ 1,478 ಮೀಟರ್ ಎತ್ತರದಲ್ಲಿ ಬೆಳಗಿನ ಮಂಜಿಗೆ ಈ ಲೇಪ ಸಾಕು, ಸೆಪ್ಟೆಂಬರ್-ಅಕ್ಟೋಬರಿನ ಸಂಜೆ ಮಳೆಗೆ ಸಾಲದು. ಫೋನ್ ಮತ್ತು ದುಡ್ಡಿಗೆ ಒಂದು ಜಿಪ್‌ಲಾಕ್ ಕವರ್ ಒಳಗಿಟ್ಟುಕೊಂಡರೆ ಆ ಚಿಂತೆ ಮುಗಿಯಿತು.

ಬ್ಯಾಗ್ ಮೊದಲು ಕೈಕೊಡುವುದು ಬಟ್ಟೆಯಲ್ಲಲ್ಲ, ಬೆಲ್ಟ್ ಬ್ಯಾಗಿಗೆ ಸೇರುವ ಜಾಗದಲ್ಲಿ. ಕೊಳ್ಳುವಾಗ ಹೆಚ್ಚು ಹೊತ್ತು ನೋಡಬೇಕಾದ್ದು ಅದನ್ನೇ. ಬೆಲ್ಟಿನ ತುದಿಯನ್ನು ಬರೀ ಮೇಲಂಚಿನ ಹೊಲಿಗೆಯೊಳಗೆ ತುರುಕಿ ಒಂದು ಸಾಲು ಹೊಲಿದಿದ್ದರೆ ಭಾರವೆಲ್ಲ ಆ ಒಂದು ಸಾಲಿನ ಮೇಲೆ. ನಡೆಯುವಾಗ ಪ್ರತಿ ಹೆಜ್ಜೆಗೂ ಬ್ಯಾಗ್ ಜಗ್ಗುತ್ತದೆ, ಮೆಟ್ಟಿಲು ಇಳಿಯುವಾಗ ಇನ್ನೂ ಜೋರಾಗಿ. ದಾರ ಒಂದೊಂದೇ ಎಳೆ ಸಡಿಲವಾಗುತ್ತ ಕೊನೆಗೆ ಒಮ್ಮೆಲೇ ಬಿಚ್ಚಿಕೊಳ್ಳುತ್ತದೆ. ಒಳ್ಳೆಯ ಬ್ಯಾಗಿನಲ್ಲಿ ಬೆಲ್ಟಿನ ತುದಿ ಎರಡು ಇಂಚಾದರೂ ಬ್ಯಾಗಿನ ಪಕ್ಕದ ಮೈಮೇಲೆ ಇಳಿದಿರುತ್ತದೆ, ಅದರ ಮೇಲೆ ಚೌಕದೊಳಗೆ ಗುಣಾಕಾರ ಚಿಹ್ನೆ ಇರುವ ಹೊಲಿಗೆಯೋ, ಒತ್ತೊತ್ತಾಗಿ ಹಿಂದೆ ಮುಂದೆ ಹೊಲಿದ ದಪ್ಪ ಗೀರೋ ಕಾಣುತ್ತದೆ. ಎರಡು ಹೆಬ್ಬೆರಳಿನಿಂದ ಬೆಲ್ಟನ್ನೂ ಬಟ್ಟೆಯನ್ನೂ ವಿರುದ್ಧ ದಿಕ್ಕಿಗೆ ಎಳೆದು ನೋಡಿ. ಹೊಲಿಗೆಯ ತೂತುಗಳು ಬಾಯ್ದೆರೆದು ಬೆಳಕು ಕಂಡರೆ ಅಲ್ಲೇ ಇಟ್ಟು ಬನ್ನಿ.

ಎರಡನೆಯ ದುರ್ಬಲ ಜಾಗ ಕೊಂಡಿ. ತಿರುಗುವ ಲೋಹದ ಕೊಂಡಿ ಚೆನ್ನಾಗಿ ಕಾಣುತ್ತದೆ, ಅಗ್ಗದ್ದು ಎರಕದ ಸತುವಿನದಾಗಿರುವುದರಿಂದ ಕತ್ತಿನಲ್ಲಿ ಸವೆದು ಮುರಿಯುತ್ತದೆ. ಕೊಂಡಿಯೇ ಇಲ್ಲದೆ ಬೆಲ್ಟ್ ನೇರ ಹೊಲಿದಿರುವುದು ನನಗೆ ಹೆಚ್ಚು ಇಷ್ಟ. ಮೂರನೆಯದು ಉದ್ದ ಹೊಂದಿಸುವ ಪ್ಲಾಸ್ಟಿಕ್ ಪಟ್ಟಿ. ಬೆಲ್ಟ್ ತೆಳ್ಳಗೆ ನುಣುಪಾಗಿದ್ದರೆ ಅದು ಜಾರುತ್ತಲೇ ಇರುತ್ತದೆ, ಬೆಳಿಗ್ಗೆ ಸೊಂಟದಲ್ಲಿದ್ದ ಬ್ಯಾಗ್ ಮಧ್ಯಾಹ್ನಕ್ಕೆ ತೊಡೆಗೆ ಬಡಿಯುತ್ತದೆ. ಒಂದು ಲೀಟರಿನ ಎರಡು ಬಾಟಲಿ ಹಾಕಿ, ಬೆಲ್ಟ್ ಹಿಡಿದು ಹತ್ತಿಪ್ಪತ್ತು ಸಲ ಕುಲುಕಿ ನೋಡಿದರೆ ಅಂಗಡಿಯಲ್ಲೇ ಗೊತ್ತಾಗುತ್ತದೆ.

ಬೆಲ್ಟಿನ ಅಗಲ 38 ಮಿಲಿಮೀಟರ್ ಅಂದರೆ ಒಂದೂವರೆ ಇಂಚು ಇರಲಿ. ಒಂದು ಇಂಚಿನದು ಎರಡು ಕಿಲೋ ದಾಟಿದರೆ ಕುತ್ತಿಗೆ ಬುಡದಲ್ಲಿ ಕೊರೆಯುತ್ತದೆ. ಎರಡು ಕಿಲೋ ಆಗುವುದು ಕಷ್ಟವೇನಲ್ಲ: ತುಂಬಿದ ಸ್ಟೀಲ್ ಬಾಟಲಿ ಮುಕ್ಕಾಲು ಕಿಲೋ ಮೇಲೆ, ಛತ್ರಿ ಮುನ್ನೂರು ಗ್ರಾಂ, ಪವರ್ ಬ್ಯಾಂಕ್ ಇನ್ನೂರು, ಫೋನ್ ಇನ್ನೂರು, ಅದರ ಮೇಲೆ ಬ್ಯಾಗಿನ ಸ್ವಂತ ತೂಕ. ಖಾಲಿ ಬ್ಯಾಗೇ ಅರ್ಧ ಕಿಲೋ ದಾಟಿದರೆ ಬಿಡಿ. ಬೆಲ್ಟ್ ಪೂರ್ತಿ ಬಿಟ್ಟಾಗ 130 ಸೆಂಟಿಮೀಟರ್ ಬರಬೇಕು, ಚಳಿಗಾಲದಲ್ಲಿ ಜರ್ಕಿನ್ ಮೇಲೂ ಹಾಕಿಕೊಳ್ಳಬೇಕಲ್ಲ.

ಜಿಪ್ಪಿನ ವಿಷಯದಲ್ಲಿ ರನ್ನರಿನ ಹಿಂಬದಿ ನೋಡಿ, 5 ಅಂತ ಅಚ್ಚಾಗಿದ್ದರೆ ಮುಖ್ಯ ಬಾಯಿಗೆ ಸಾಕು. 3ನೇ ನಂಬರು ಒಳಜೇಬಿಗೆ ಮಾತ್ರ. ಹೆಸರಾಂತ ಜಿಪ್ ಕಂಪನಿ ವೈಕೆಕೆಯ ಹೆಸರು ಬರೆದಿದ್ದರೆ ಒಳ್ಳೆಯದೇ, ಆದರೆ ಅದರ ನಕಲಿಯೂ ಇದೆ. ಹೆಸರಿಗಿಂತ ಮೂಲೆಯಲ್ಲಿ ಹೇಗೆ ತಿರುಗುತ್ತದೆ ಅನ್ನುವುದು ಮುಖ್ಯ. ಒಂದೇ ಕೈಯಲ್ಲಿ ಎಳೆದಾಗ ಮೂಲೆಯಲ್ಲಿ ಸಿಕ್ಕಿಕೊಂಡರೆ ಬಸ್ಸಿನಲ್ಲಿ ನಿಂತುಕೊಂಡು ತೆಗೆಯಲಾಗದು. ಒಳಗಿನ ಹೊಲಿಗೆ ಅಂಚಿಗೆ ಪಟ್ಟಿ ಕಟ್ಟಿರಬೇಕು. ಬಟ್ಟೆಯಂಚು ಬಿಚ್ಚಿಕೊಂಡಿದ್ದರೆ ಅದರ ಎಳೆಗಳೇ ರನ್ನರಿಗೆ ಸಿಕ್ಕುತ್ತವೆ. ಮುಂದೆ ಯಾವಾಗಲಾದರೂ ಜಿಪ್ ಹಾಕಿದ ಮೇಲೂ ಹಿಂದೆ ತೆರೆದುಕೊಳ್ಳತೊಡಗಿದರೆ ಹಲ್ಲು ಹಾಳಾಗಿದೆ ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ರನ್ನರಿನ ಬಾಯಿ ಅಗಲವಾಗಿರುತ್ತದೆ. ಇಕ್ಕಳದಲ್ಲಿ ಅದರ ಎರಡೂ ಪಕ್ಕವನ್ನು ಮೆಲ್ಲಗೆ ಒತ್ತಿದರೆ ಕೆಲವು ತಿಂಗಳು ನಡೆಯುತ್ತದೆ. ಆಮೇಲೆ ಬ್ಯಾಗ್ ರಿಪೇರಿಯವರಲ್ಲಿ ರನ್ನರ್ ಒಂದನ್ನೇ ಬದಲಿಸಿಕೊಳ್ಳಬಹುದು.

ವೆಲ್ಕ್ರೋ ಮುಚ್ಚಳದ ಬ್ಯಾಗು ಸೀರೆ ಉಡುವವರಿಗೆ ಬೇಡವೇ ಬೇಡ. ಅದರ ಗಡುಸು ಮುಖ ಒಮ್ಮೆ ಸೆರಗಿಗೆ ತಾಗಿದರೆ ರೇಷ್ಮೆಯ ಎಳೆ ಹೊರಗೆ ಬಂದಂತೆಯೇ. ಶಿಡ್ಲಘಟ್ಟ ಪಕ್ಕದಲ್ಲೇ ಇಟ್ಟುಕೊಂಡವರಿಗೆ ರೇಷ್ಮೆಯ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಜೇಬುಗಳು ಎಷ್ಟಿವೆ ಅನ್ನುವುದಕ್ಕಿಂತ ಎಲ್ಲಿವೆ ಅನ್ನುವುದು ಮುಖ್ಯ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಉಚಿತ ಪ್ರಯಾಣಕ್ಕೆ ಹೆಂಗಸರು ಸರ್ಕಾರಿ ಬಸ್ಸು ಹತ್ತಿದ ಕೂಡಲೇ ಆಧಾರೋ ಬೇರೆ ಗುರುತಿನ ಚೀಟಿಯೋ ತೋರಿಸಬೇಕು. ಕಂಡಕ್ಟರ್ ಬಂದು ನಿಂತಾಗ ಬಾಟಲಿ, ಛತ್ರಿ ಎಲ್ಲ ಸರಿಸಿ ತಳದಲ್ಲಿ ಹುಡುಕುವ ಹಾಗಿರಬಾರದು. ಮುಂಭಾಗದಲ್ಲಿ ಜಿಪ್ ಇರುವ ಚಪ್ಪಟೆ ಜೇಬೊಂದು ಆಧಾರಿಗೂ ಚಿಲ್ಲರೆಗೂ ಬೇಕು. ಮೈಗೆ ಅಂಟುವ ಹಿಂಭಾಗದಲ್ಲಿ ಇನ್ನೊಂದು, ಫೋನಿಗೆ. ನೂಕುನುಗ್ಗಲಿನಲ್ಲಿ ಬ್ಯಾಗನ್ನು ಹೊಟ್ಟೆಯ ಮೇಲೆ ತಂದುಕೊಂಡರೆ ಹಿಂಭಾಗದ ಜೇಬಿಗೆ ಯಾರ ಕೈಯೂ ಹೋಗದು. ಅವಲಗುರ್ಕಿಯ ಆದಿಯೋಗಿ ನೋಡಿ ಕತ್ತಲಲ್ಲಿ ಹೊರಗೆ ಬರುವಾಗಲೂ ಹೀಗೆಯೇ ಮಾಡಿ. ಆರ್‌ಎಫ್‌ಐಡಿ ರಕ್ಷಣೆ, ಅಂದರೆ ಕಾರ್ಡನ್ನು ಮುಟ್ಟದೆಯೇ ಅದರ ಮಾಹಿತಿ ಓದದಂತೆ ತಡೆಯುವ ಪದರ ಇದೆ ಅಂತ ಇನ್ನೂರು ರೂಪಾಯಿ ಹೆಚ್ಚು ಕೇಳಿದರೆ ಕೊಡಬೇಡಿ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ಕಾರ್ಡಿನ ಸಂಕೇತ ಕದಿಯುವವರಿಗಿಂತ ಬ್ಲೇಡ್ ಹಾಕುವವರ ಭಯ ಹೆಚ್ಚು.

ತುಂಬುವ ಕ್ರಮಕ್ಕೂ ಒಂದು ಲೆಕ್ಕವಿದೆ. ಎರಡು ತುದಿಯಿಂದ ನೇತಾಡುವ ಬ್ಯಾಗಿನಲ್ಲಿ ಬಾಟಲಿ ಒಂದು ಕಡೆ ನಿಂತರೆ ಬ್ಯಾಗ್ ಆ ಕಡೆಗೆ ವಾಲುತ್ತದೆ. ಛತ್ರಿ ಮತ್ತು ಪವರ್ ಬ್ಯಾಂಕ್ ಇನ್ನೊಂದು ತುದಿಗೆ ಹೋಗಲಿ, ಟವೆಲ್ಲು, ಡಬ್ಬಿ ನಡುವೆ. ದೇವನಹಳ್ಳಿಯಿಂದ ವಿಮಾನ ಹತ್ತುವವರಿಗೂ ಈ ಬ್ಯಾಗೇ ಅನುಕೂಲ, ಯಾಕೆಂದರೆ ಪವರ್ ಬ್ಯಾಂಕನ್ನು ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ, ಕೈಯಲ್ಲೇ ಒಯ್ಯಬೇಕು. ಅನುಮತಿ ಕೇಳದೆ ಒಯ್ಯಲು ಮಿತಿ 100 ವ್ಯಾಟ್-ಅವರ್. 10,000 ಎಂಎಎಚ್‌ನದು ಸುಮಾರು 37, 20,000ದ್ದು 74. ದೇವಸ್ಥಾನದಲ್ಲಿ ಕೊಡುವ ಒಡೆದ ತೆಂಗಿನಕಾಯಿಯನ್ನು ಮಾತ್ರ ನೇರ ಬ್ಯಾಗಿಗೆ ಹಾಕಬೇಡಿ. ಅದರ ನೀರು ಅಸ್ತರಿಗೆ ಇಳಿದು ಎರಡನೇ ದಿನಕ್ಕೆ ಹುಳಿ ವಾಸನೆ ಬರುತ್ತದೆ.

ಒಗೆಯುವಾಗ ತಣ್ಣೀರು, ಸ್ವಲ್ಪ ಸೋಪು, ಮೆತ್ತಗಿನ ಬ್ರಷ್ಷು. ವಾಷಿಂಗ್ ಮೆಷಿನ್ನಿನಲ್ಲಿ ಹಾಕಿದರೆ ಒಳಲೇಪ ಬಿಡುತ್ತದೆ. ಒಳಗನ್ನು ಹೊರಮುಖ ಮಾಡಿ ನೆರಳಲ್ಲಿ ಒಣಗಿಸಿ. ತೇವ ಇರುವಾಗಲೇ ಬೀರುವಿನಲ್ಲಿ ಇಟ್ಟ ಬ್ಯಾಗಿನ ಲೇಪ ಕ್ರಮೇಣ ಅಂಟಂಟಾಗಿ ಬಿಳಿ ಪುಡಿ ಉದುರಿಸತೊಡಗುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಮಧುಗಿರಿಯ ಏಕಶಿಲಾ ಬೆಟ್ಟ ಹತ್ತುವವರಿಗೆ ಸೈಡ್ ಬ್ಯಾಗನ್ನು ನಾನು ಹೇಳುವುದಿಲ್ಲ. ಕಡಿದಾದ ಬಂಡೆಯಲ್ಲಿ ಎರಡೂ ಕೈಯಿಂದ ಕಂಬಿ ಹಿಡಿದು ಬಗ್ಗಿದಾಗ ಬ್ಯಾಗ್ ಮುಂದಕ್ಕೆ ಜಾರಿ ಮೊಣಕಾಲಿಗೆ ಅಡ್ಡ ಬರುತ್ತದೆ. ಅಲ್ಲಿಗೆ ಎರಡೂ ಹೆಗಲಿಗೆ ಹಾಕುವ ಹತ್ತು ಲೀಟರಿನ ಬ್ಯಾಗೇ ಸರಿ. ಇಲ್ಲವೇ ಸೊಂಟಕ್ಕೆ ಸುತ್ತಿ ಬಿಗಿಯುವ ಎರಡನೇ ತೆಳು ಬೆಲ್ಟ್ ಇರುವ ಸೈಡ್ ಬ್ಯಾಗ್ ಹುಡುಕಬೇಕು, ಅಂಥದ್ದು ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ. ಕುತ್ತಿಗೆ ನೋವು ಇರುವವರಿಗೂ ಇದೇ ಮಾತು.