ಶೋ ಜಂಪಿಂಗ್, ಸ್ಟೈಲ್ ರೌಂಡ್, ಕ್ರಾಸ್ ಕಂಟ್ರಿ: ಹೊಸಬರು ಯಾವುದರಿಂದ ಶುರು ಮಾಡೋದು?

ಟಿವಿಯಲ್ಲಿ ಕುದುರೆ ಜಿಗಿತದ ಒಂದು ಸ್ಪರ್ಧೆ ನೋಡಿದರೆ, ಕಂಬ ಬಿದ್ದ ಕೂಡಲೇ ಸವಾರನ ಮುಖ ಸಪ್ಪಗಾಗುತ್ತದೆ. ಇನ್ನೊಂದರಲ್ಲಿ ಬೀಳೋದಕ್ಕೆ ಕಂಬವೇ ಇಲ್ಲ, ದಪ್ಪ ದಿಮ್ಮಿ ಮತ್ತು ಹಳ್ಳ. ಮತ್ತೊಂದರಲ್ಲಿ ಏನೂ ಬೀಳದೇ ಇದ್ದರೂ ಸೋಲುತ್ತಾರೆ. ಹಂಪಿಯ ಹಜಾರರಾಮ ದೇವಸ್ಥಾನದ ಗೋಡೆ ಮೇಲಿನ ಸಾಲು ಕುದುರೆಗಳನ್ನು ನೋಡುತ್ತಾ ಬೆಳೆದ ನಮ್ಮ ಬಳ್ಳಾರಿ ಮಂದಿಗೂ ಈ ಲೆಕ್ಕ ಸುಲಭಕ್ಕೆ ತಲೆಗೆ ಹತ್ತುವುದಿಲ್ಲ.

ನಾನು ಮೂರನ್ನೂ ಒಂದೇ ಕುದುರೆಯ ಮೇಲೆ ಮಾಡಿ ನೋಡಿದೆ. ಸಿರುಗುಪ್ಪ ರಸ್ತೆ ಕಡೆ ಗೆಳೆಯನ ತೋಟವಿದೆ, ಅಲ್ಲೊಂದು ಸಣ್ಣ ಲಾಯ. ಕುದುರೆ ರೇಸಿನಿಂದ ನಿವೃತ್ತಿಯಾದ ಥರೋಬ್ರೆಡ್, ಹೆಸರು ರಾಣಿ. ಕಲಿಸುವವರು ಸೈನ್ಯದ ಕುದುರೆ ದಳದಲ್ಲಿದ್ದು ಊರಿಗೆ ಮರಳಿದವರು. ಹೆಸರು ಹಿಡಿದು ಯಾರೂ ಕರೆಯಲ್ಲ, ರಿಸಾಲ್ದಾರ್ ಸಾಹೇಬ್ರು ಅಂದರೆ ಸಾಕು. ಎತ್ತರ ಎಲ್ಲದರಲ್ಲೂ ಹೊಸಬರದ್ದೇ, 60ರಿಂದ 80 ಸೆಂ.ಮೀ. ಒಲಿಂಪಿಕ್ಸ್‌ನಲ್ಲಿ ಶೋ ಜಂಪಿಂಗ್ ಕಂಬ ಸುಮಾರು 1.60 ಮೀಟರ್‌ವರೆಗೂ ಏರುತ್ತದೆ. ಅದರ ಸುದ್ದಿ ನಮಗೆ ಬೇಡ.

ಶೋ ಜಂಪಿಂಗ್ ಲೆಕ್ಕ ಎಲ್ಲಕ್ಕಿಂತ ಸರಳ. ಕಂಬ ಬಿದ್ದರೆ 4 ಪೆನಾಲ್ಟಿ. ಕುದುರೆ ಮೊದಲ ಸಲ ಹಾರದೆ ನಿಂತರೆ 4, ಅಂತರರಾಷ್ಟ್ರೀಯ ನಿಯಮದ ಪ್ರಕಾರ ಎರಡನೇ ಸಲ ನಿಂತರೆ ಆಟದಿಂದ ಹೊರಗೆ. ಸವಾರ ಬಿದ್ದರೂ ಹೊರಗೆ. ಸಮಯ ಮೀರಿದರೆ ಅದಕ್ಕೂ ಪೆನಾಲ್ಟಿ ಇದೆ. ಸೊನ್ನೆಯಲ್ಲಿ ಮುಗಿಸಿದವರು ಹಲವರಿದ್ದರೆ ಜಂಪ್ ಆಫ್ ನಡೆಯುತ್ತದೆ. ಅಲ್ಲಿ ಅಡೆತಡೆ ಕಡಿಮೆ, ಗಡಿಯಾರ ಮುಖ್ಯ. ಸವಾರ ಹೇಗೆ ಕೂತಿದ್ದ, ಕುದುರೆ ಚೆಂದ ಹಾರಿತಾ, ಇದನ್ನೆಲ್ಲ ಯಾರೂ ಕೇಳುವುದಿಲ್ಲ. ಕಂಬ ಎರಡು ಬದಿಯ ಬಟ್ಟಲಿನಂಥ ಆಸರೆ (ಕಪ್) ಮೇಲೆ ಸುಮ್ನೆ ಕೂತಿರುತ್ತದೆ. ಹಿಂಗಾಲಿನ ಗೊರಸು ಜೋರಾಗಿ ತಾಗಿದರೆ ಉರುಳಿತು. ಟಕ್ ಅಂತ ಸದ್ದಾಗಿ, ಅಲ್ಲಾಡಿ ಅಲ್ಲೇ ನಿಂತರೆ ಪೆನಾಲ್ಟಿ ಇಲ್ಲ.

ಇದರ ನಿಜವಾದ ಮಜಾ ಕುದುರೆ ಹತ್ತುವ ಮೊದಲೇ ಶುರುವಾಗುತ್ತದೆ. ಅಡೆತಡೆಗಳ ನಡುವೆ ನಡೆದು ಅಳತೆ ಹಾಕಬೇಕು. ನಮ್ಮ ಒಂದು ಹೆಜ್ಜೆ 90 ಸೆಂ.ಮೀ. ಬರುವ ಹಾಗೆ ಕಾಲು ಪಳಗಿಸಿಕೊಳ್ಳಬೇಕು. ಕ್ಯಾಂಟರ್‌ನಲ್ಲಿ, ಅಂದರೆ ಹದವಾದ ನೆಗೆಯೋಟದಲ್ಲಿ, ಕುದುರೆಯ ಒಂದು ದಾಪು ಸುಮಾರು 3.6 ಮೀಟರ್, ಅಂದರೆ ನಮ್ಮ ನಾಲ್ಕು ಹೆಜ್ಜೆ. ಹಾರಿ ಇಳಿಯೋದಕ್ಕೆ ಎರಡು ಹೆಜ್ಜೆ, ಮುಂದಿನದಕ್ಕೆ ಚಿಮ್ಮೋದಕ್ಕೆ ಎರಡು ಹೆಜ್ಜೆ ತೆಗೆದುಬಿಡಿ. ಎರಡು ಅಡೆತಡೆಗಳ ನಡುವೆ 16 ಹೆಜ್ಜೆ ಬಂತಾ? ಹಾಗಾದರೆ ಮೂರು ದಾಪು. ಕಾಗದದ ಮೇಲೆ ಸರಿಯೇ. ಆದರೆ ರಾಣಿ ರೇಸಿನವಳು. ಕಾಲು ಉದ್ದ ಚಾಚಿ ಎರಡೂವರೆಯಲ್ಲೇ ಮುಗಿಸೋಕೆ ನೋಡುತ್ತಾಳೆ. ಅರ್ಧ ದಾಪು ಅನ್ನೋದು ಇಲ್ಲವಲ್ಲ. ತೀರಾ ದೂರದಿಂದ ಹಾರುತ್ತಾಳೆ, ಇಲ್ಲವೇ ಕಂಬದ ಬುಡಕ್ಕೇ ಹೋಗಿ ಕೆಡವುತ್ತಾಳೆ. ಅವಳ ದಾಪನ್ನು ಮೂರಕ್ಕೆ ತಂದು ನಿಲ್ಲಿಸೋದೇ ಈ ಆಟದ ಅರ್ಧ ಕೆಲಸ.

ನೋಡುವವರಿಗೆ ಇನ್ನೊಂದು ಮಾತು. ಎರಡು ಸಾಲು ಕಂಬದ ಆಕ್ಸರ್ ಅಗಲ ಇರುವುದರಿಂದ ಭಯ ಹುಟ್ಟಿಸುತ್ತದೆ. ಒಂದೇ ಸಾಲಿನ ವರ್ಟಿಕಲ್ ಏನು ಮಹಾ ಅನಿಸುತ್ತದೆ. ಕುದುರೆ ಚಪ್ಪಟೆಯಾಗಿ ಓಡಿ ಬಂದರೆ ಸಾಮಾನ್ಯವಾಗಿ ಕೈ ಕೊಡೋದು ಆ ವರ್ಟಿಕಲ್ಲೇ.

ಶೋ ಜಂಪಿಂಗ್‌ನ ದೊಡ್ಡ ಅನುಕೂಲ ಅಂದರೆ ನಮ್ಮ ಊರಲ್ಲೂ ಕಟ್ಟಿಕೊಳ್ಳಬಹುದು. ಸಮತಟ್ಟು ಜಾಗ, ಸರ್ವೆ ಗಳ, ಎರಡು ಬಣ್ಣ, ನಾಲ್ಕಾರು ಖಾಲಿ ಡ್ರಮ್ ಇದ್ದರೆ ಆಯಿತು. ಮೊದಲು ಬೋರ್‌ವೆಲ್ ಪೈಪ್ ಇಟ್ಟು ನೋಡಿದೆವು. ಅಷ್ಟು ಹಗುರ ಪೈಪಿಗೆ ರಾಣಿ ಮರ್ಯಾದೆ ಕೊಡಲಿಲ್ಲ, ಒದ್ದುಕೊಂಡೇ ಹೋದಳು. ಇದೇ ಶೋ ಜಂಪಿಂಗ್‌ನ ಒಳಗೆ ಬೇರೆ ಬಗೆಗಳೂ ಇವೆ. ಸ್ಪೀಡ್ ಕ್ಲಾಸ್‌ನಲ್ಲಿ ಕಂಬ ಬಿದ್ದರೆ ಪೆನಾಲ್ಟಿ ಬದಲು ಸೆಕೆಂಡ್ ಸೇರಿಸುತ್ತಾರೆ. ಪ್ಯೂಸಾನ್ಸ್‌ನಲ್ಲಿ ಒಂದು ಗೋಡೆಯನ್ನು ಏರಿಸುತ್ತಾ ಹೋಗುತ್ತಾರೆ. ಎತ್ತರ ಜಿಗಿತದ ವಿಶ್ವದಾಖಲೆ 1949ರಲ್ಲಿ ಚಿಲಿ ದೇಶದ ಲಾರಾಗಿಬೆಲ್ ಮತ್ತು ಅವರ ಕುದುರೆ ಉವಾಸೋ ಮಾಡಿದ್ದು, 2.47 ಮೀಟರ್. ಇನ್ನೂ ಯಾರೂ ಮುರಿದಿಲ್ಲ.

ಇನ್ನು ಸ್ಟೈಲ್ ರೌಂಡ್. ಇಲ್ಲಿ ಅಂಕ ಹಾರಿದ ರೀತಿಗೆ. ಅಮೆರಿಕದಲ್ಲಿ ಇದು ಎರಡು ಕವಲಾಗಿ ಬೆಳೆದಿದೆ. ಹಂಟರ್‌ನಲ್ಲಿ ಕುದುರೆ ಹೇಗೆ ಹಾರಿತು ಅಂತ ಅಂಕ: ಮುಂಗಾಲ ಮಂಡಿ ಎರಡೂ ಸಮನಾಗಿ ಮೇಲೆ ಬಂತಾ, ಬೆನ್ನು ಬಿಲ್ಲಿನ ಹಾಗೆ ಬಾಗಿತಾ, ಮೊದಲಿಂದ ಕೊನೆವರೆಗೆ ವೇಗ ಒಂದೇ ಇತ್ತಾ. ನರಿ ಬೇಟೆಯ ಕಾಲದಿಂದ ಬಂದದ್ದು, ಹಾಗಾಗಿ ಅಡೆತಡೆಗಳು ಬೇಲಿ, ಮರದ ಗೇಟು, ಪೊದೆ ತರ ಇರುತ್ತವೆ. ಇಕ್ವಿಟೇಶನ್‌ನಲ್ಲಿ ಅಂಕ ಸವಾರನಿಗೆ. ಕೂತ ರೀತಿ, ಹಿಮ್ಮಡಿ, ಕಣ್ಣು, ಕೈ ಎಲ್ಲವನ್ನೂ ನೋಡುತ್ತಾರೆ. ಉತ್ತರ ಬಂದರೆ ಸಾಲದು, ಅಕ್ಷರವೂ ದುಂಡಗಿರಬೇಕು ಅನ್ನೋ ಹಳೇ ಕಾಲದ ಮೇಷ್ಟ್ರ ತರ ಇಲ್ಲಿಯ ತೀರ್ಪುಗಾರ. ನಮ್ಮಲ್ಲಿ ಸಾಹೇಬರೇ ಪೆನ್ಸಿಲ್ ಹಿಡಿದು ನೂರಕ್ಕೆ ಅಂಕ ಹಾಕುತ್ತಿದ್ದರು.

ಒಂದು ಬೆಳಿಗ್ಗೆ ರಾಣಿ ಒಂದೂ ಕಂಬ ಬೀಳಿಸದೆ ಸುತ್ತು ಮುಗಿಸಿದಳು. ಶೋ ಜಂಪಿಂಗ್ ಲೆಕ್ಕದಲ್ಲಿ ಅದು ಸೊನ್ನೆ ಪೆನಾಲ್ಟಿ, ಚಪ್ಪಾಳೆ ಹೊಡೆಯಬೇಕಾದ್ದು. ಸಾಹೇಬರು ಪಾಸ್ ಮಾರ್ಕ್ಸೂ ಕೊಡಲಿಲ್ಲ. "ಬಾಯಿ ಬಿಡು ತಮ್ಮಾ, ಬಾಯಿ! ಲಗಾಮು ಜಗ್ಗಿದ್ರ ಕುದುರಿ ಕತ್ತು ಹ್ಯಾಂಗ ಚಾಚಬೇಕು?" ಮೊಬೈಲಿನಲ್ಲಿ ತೆಗೆದ ವಿಡಿಯೋ ನಿಧಾನ ಓಡಿಸಿದರೆ ಎಲ್ಲ ಕಾಣುತ್ತದೆ. ಕುದುರೆ ನೆಲ ಬಿಟ್ಟ ಕ್ಷಣದಲ್ಲಿ ಕತ್ತು ಮುಂದಕ್ಕೆ ಹೋಗುತ್ತದೆ. ಸವಾರನ ಕೈ ಕೂಡ ಜೂಲಿನ ಗುಂಟ ಮುಂದೆ ಸರಿಯಬೇಕು. ಹಿಂದೆ ಉಳಿದರೆ ಬಾಯೊಳಗಿನ ಕಬ್ಬಿಣ ಎಳೆಯುತ್ತದೆ, ತಲೆ ಮೇಲೆದ್ದು ಬೆನ್ನು ಕೆಳಕ್ಕೆ ತಗ್ಗುತ್ತದೆ. ಆವತ್ತು ರಾಣಿ ತನ್ನ ಶಕ್ತಿಯಿಂದ ಕಂಬ ದಾಟಿದ್ದಳು, ಸವಾರನಿಂದಲ್ಲ.

ಈಗ ಎಲ್ಲರೂ ಕಲಿಯುವ, ಮುಂದಕ್ಕೆ ಬಾಗುವ ಕೂರಿಕೆ ಇಟಲಿಯ ಅಶ್ವಸೈನ್ಯದ ಅಧಿಕಾರಿ ಫೆಡೆರಿಕೊ ಕಾಪ್ರಿಲ್ಲಿ ತಂದದ್ದು. ಅವರು 1907ರಲ್ಲಿ ತೀರಿಕೊಂಡರು. ಅವರ ಕಾಲಕ್ಕೂ ಮೊದಲು ಹಾರುವಾಗ ಸವಾರರು ಹಿಂದಕ್ಕೆ ಒರಗುತ್ತಿದ್ದರು. ಒರಗಿ ಹಾರಿದವರ ಹಳೇ ಫೋಟೋ ನೋಡಿ, ಕುದುರೆ ಬಾಯಿ ಎಷ್ಟು ತೆರೆದಿರುತ್ತೆ ಅಂತ.

ಸ್ಟೈಲ್ ರೌಂಡ್‌ನ ಕೊರತೆಯೂ ಇದೆ. ತೀರ್ಪುಗಾರರ ಕಣ್ಣಿಗೆ ಬಿಟ್ಟ ಆಟ, ವಾದ ಮಾಡೋಕೆ ಕಂಬವೂ ಬಿದ್ದಿರುವುದಿಲ್ಲ. ನಮ್ಮ ಕಡೆ ಇದನ್ನು ಸ್ಪರ್ಧೆಯಾಗಿ ನೋಡುವುದು ಕಷ್ಟ. ನಿಜ ಹೇಳಬೇಕೆಂದರೆ ಸ್ವಲ್ಪ ಬೋರ್ ಕೂಡ.

ಬೋರ್ ಅನ್ನೋ ಮಾತೇ ಬಾರದ್ದು ಕ್ರಾಸ್ ಕಂಟ್ರಿ. ಇದು ಇವೆಂಟಿಂಗ್ ಅನ್ನೋ ಮೂರು ಹಂತದ ಸ್ಪರ್ಧೆಯ ಭಾಗ. ಮೊದಲು ಡ್ರೆಸಾಜ್ (ಕುದುರೆಯ ನಡಿಗೆ, ಶಿಸ್ತಿನ ಪರೀಕ್ಷೆ), ಆಮೇಲೆ ಬಯಲಿನ ಓಟ, ಕೊನೆಗೆ ಸಾಮಾನ್ಯವಾಗಿ ಶೋ ಜಂಪಿಂಗ್. ಮೂರಕ್ಕೂ ಅದೇ ಕುದುರೆ, ಅದೇ ಸವಾರ, ಪೆನಾಲ್ಟಿ ಕೂಡುತ್ತಾ ಹೋಗುತ್ತದೆ. ಬಯಲಿನಲ್ಲಿ ಕುದುರೆ ಒಮ್ಮೆ ನಿಂತರೆ 20, ಅದೇ ಅಡೆತಡೆಗೆ ಮತ್ತೆ ನಿಂತರೆ 40. ತಡವಾದ ಪ್ರತಿ ಸೆಕೆಂಡಿಗೆ 0.4.

ಈ ಲೆಕ್ಕ ಅರ್ಥವಾಗೋಕೆ ಬೆಂಗಳೂರಿನ ಫವಾದ್ ಮಿರ್ಜಾ ಅವರ ಟೋಕಿಯೊ ಒಲಿಂಪಿಕ್ಸ್ ಅಂಕಪಟ್ಟಿ ಸಾಕು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ತಂದವರು. ಟೋಕಿಯೊದಲ್ಲಿ ಸೆನ್ಯೂರ್ ಮೆಡಿಕಾಟ್ ಎಂಬ ಕುದುರೆ ಮೇಲೆ ಡ್ರೆಸಾಜ್‌ನಲ್ಲಿ 28 ಪೆನಾಲ್ಟಿ. ಬಯಲಿನಲ್ಲಿ 11.20, ಅಂದರೆ ತಡವಾದದ್ದು 28 ಸೆಕೆಂಡ್ ಅಷ್ಟೇ. ಜಿಗಿತದಲ್ಲಿ 8 ಸೇರಿ 47.20. ಜಿಗಿತದ್ದೇ ಫೈನಲ್ ಸುತ್ತಿನ 12.40 ಸೇರಿಸಿ 59.60, ಕೊನೆಗೆ 23ನೇ ಸ್ಥಾನ. ಕಂಬದ ಎದುರಿನ ಎರಡು ಸುತ್ತಿನಲ್ಲೇ 20ಕ್ಕೂ ಜಾಸ್ತಿ ಹೋಯಿತು ನೋಡಿ.

ನಮ್ಮ ಪ್ರಯೋಗ ತೋಟದ ಬದು, ಅಡ್ಡ ಕೆಡವಿದ ದಿಮ್ಮಿ ಮತ್ತು ಒಂದು ಸಣ್ಣ ಕಾಲುವೆ. ದಿಮ್ಮಿ ದಾಟಲು ರಾಣಿಗೆ ಏನೂ ಅನಿಸಲಿಲ್ಲ, ಬಣ್ಣದ ಕಂಬಕ್ಕಿಂತ ಎತ್ತರಕ್ಕೇ ಹಾರಿದಳು. ಗಟ್ಟಿ ವಸ್ತು ಕುದುರೆಗೆ ಗೊತ್ತಾಗುತ್ತದೆ. ಕಾಲುವೆ ಮಾತ್ರ ಅಗಲ ಒಂದು ಮೀಟರೂ ಇಲ್ಲ, ಅಂಚಿಗೆ ಬಂದು ಕಿವಿ ಮುಂದೆ ಮಾಡಿ, ಮೂಗಲ್ಲಿ ಬುಸ್ ಅಂತ ನಿಂತಳು. ಸಾಹೇಬರ ಕುದುರೆ ಮುಂದೆ ದಾಟಿದ ಮೇಲೆ ಹಿಂದೆಯೇ ಬಂದಳು. ಅಪಾಯವೂ ಇಲ್ಲೇ ಜಾಸ್ತಿ. ದಿಮ್ಮಿ ಉರುಳಲ್ಲ, ಕಾಲು ಸಿಕ್ಕಿದರೆ ಉರುಳೋದು ಕುದುರೆ. ಎದೆ ಬೆನ್ನು ಕಾಯುವ ಬಾಡಿ ಪ್ರೊಟೆಕ್ಟರ್ ಇಲ್ಲದೆ ಬಯಲಿಗೆ ಇಳಿಯಲೇಬೇಡಿ, ಒಬ್ಬರೇ ಇದ್ದಾಗಲೂ ಬೇಡ.

ನನ್ನ ಓಟು ಸ್ಟೈಲ್ ರೌಂಡ್‌ಗೆ. ಶೋ ಜಂಪಿಂಗ್‌ನಲ್ಲಿ ಒಳ್ಳೆ ಕುದುರೆ ಸಿಕ್ಕರೆ ಸವಾರನ ಕೊರತೆ ಮುಚ್ಚಿಹೋಗುತ್ತದೆ, ಸೊನ್ನೆ ಪೆನಾಲ್ಟಿ ನೋಡಿ ಕಂಬ ಏರಿಸೋ ಆಸೆ ಬರುತ್ತದೆ. ಎತ್ತರ 60 ಸೆಂ.ಮೀ.ನಲ್ಲೇ ಇಟ್ಟು, ವಿಡಿಯೋದಲ್ಲಿ ಕೈ ಮತ್ತು ಹಿಮ್ಮಡಿ ಸರಿಯಾಗುವ ತನಕ ಅಂಕ ಹಾಕಿಸಿಕೊಳ್ಳಿ. ಆಮೇಲೆ ಗಡಿಯಾರ ಹಿಡಿದು ಶೋ ಜಂಪಿಂಗ್. ಸ್ಪರ್ಧೆಗೆ ಹೋಗುವ ಮನಸ್ಸಿದ್ದವರಿಗೆ ನಮ್ಮಲ್ಲಿ ಹತ್ತಿರದ ದಾರಿ ಅದೇ. ವೇಗದ ಹುಚ್ಚು ಇರುವ ಹುಡುಗರು ಮೊದಲೇ ಕ್ರಾಸ್ ಕಂಟ್ರಿ ಕೇಳುತ್ತಾರೆ, ಕೊಡಬೇಡಿ.

ಕ್ರಾಸ್ ಕಂಟ್ರಿಗೆ ನಮ್ಮ ನೆಲವೂ ಒಪ್ಪಬೇಕಲ್ಲ. ಎರೆ ಭೂಮಿ ಮಳೆಯಲ್ಲಿ ಗೊರಸಿಗೆ ಅಂಟುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಾಗುತ್ತದೆ. ಕೆಂಪು ಮಣ್ಣಿನ ಹೊಲ ಸಿಕ್ಕರೆ ಮಳೆಗಾಲ ಮುಗಿದ ಮೇಲೆ, ನೆಲ ಇನ್ನೂ ಮೆತ್ತಗಿರುವಾಗ ಬೆಳಿಗ್ಗೆ ಬೇಗ ಹೋಗಿ ಬನ್ನಿ. ಏಪ್ರಿಲ್, ಮೇ ಬಂದರೆ ಬಯಲು ಬಿಡಿ, ಕಂಬದ ಅಭ್ಯಾಸವನ್ನೂ ಎಂಟು ಗಂಟೆಯೊಳಗೆ ಮುಗಿಸಿ ಕುದುರೆಗೆ ನೀರು ಹುಯ್ಯಬೇಕು.