ಕ್ರೈಸೊಪ್ರೇಸ್ ಎಂದು ಬಂದ ಹಸಿರು ಹರಳನ್ನು ಆಸಿಡ್‌ಗೆ ಹಾಕುವ ಮುನ್ನ

ಬೆಳ್ಳಿ ಉಂಗುರವೊಂದು ಅಳತೆ ಕಿರಿದು ಮಾಡಲು ಬಂದಿತ್ತು. ಬಿಲ್ಲಿನಲ್ಲಿ ಹರಳಿನ ಹೆಸರು ಕ್ರೈಸೊಪ್ರೇಸ್. ಅಕ್ಕಸಾಲಿ ಅಂಚಿಗೆ ಒಂದು ಹನಿ ತಣ್ಣನೆಯ ಆಸಿಡ್ ಬಿಟ್ಟು ನೋಡಿದರು, ನೊರೆ ಬರಲಿಲ್ಲ. ಬೆಸುಗೆಯ ಕಪ್ಪು ತೆಗೆಯಲು ಹರಳಿನ ಸಮೇತ ಬಿಸಿ ಸಲ್ಫ್ಯೂರಿಕ್ ಆಸಿಡ್‌ಗೆ ಹಾಕಿದರು. ಹೊರತೆಗೆದಾಗ ಹೊಳಪು ಹೋಗಿ ಮಜ್ಜಿಗೆ ಕುಡಿದಿಟ್ಟ ಲೋಟದಂತೆ ಮಂಕಾಗಿತ್ತು. ಕಂದು ಗೆರೆಗಳಷ್ಟೇ ಉಬ್ಬಿ ಉಗುರಿಗೆ ಸಿಗುತ್ತಿದ್ದವು.

ಅದು ಗ್ಯಾಸ್ಪೇಯೈಟ್. ಕೆನಡಾದ ಗ್ಯಾಸ್ಪೇ ಪ್ರದೇಶದ ಹೆಸರು ಹೊತ್ತ ಈ ಖನಿಜವನ್ನು 1966ರಲ್ಲಿ ವಿವರಿಸಿದರು. ಆಭರಣಕ್ಕೆ ಬರುವುದು ಹೆಚ್ಚಾಗಿ ಪಶ್ಚಿಮ ಆಸ್ಟ್ರೇಲಿಯಾದ್ದು. ಕ್ರೈಸೊಪ್ರೇಸ್, ಗ್ಯಾಸ್ಪೇಯೈಟ್ ಎರಡಕ್ಕೂ ಹಸಿರು ಕೊಡುವುದು ನಿಕಲ್ ಎಂಬ ಲೋಹವೇ, ಗೊಂದಲ ಹುಟ್ಟುವುದೂ ಅಲ್ಲಿಂದಲೇ. ಆದರೆ ಕ್ರೈಸೊಪ್ರೇಸ್ ಸಿಲಿಕಾ, ಅಂದರೆ ಸ್ಫಟಿಕದ ಜಾತಿ; ಗ್ಯಾಸ್ಪೇಯೈಟ್ ಕಾರ್ಬೊನೇಟ್, ಅಂದರೆ ಆಸಿಡ್‌ಗೆ ಕರಗುವ ಸುಣ್ಣಕಲ್ಲಿನ ಜಾತಿ. ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್‌ನಂತೆ ತಣ್ಣನೆಯ ಹನಿಗೆ ಇದು ಬುರಬುರ ಎನ್ನುವುದಿಲ್ಲ, ಆಸಿಡ್ ಬಿಸಿಯಾದರೆ ಮಾತ್ರ ನಿಧಾನಕ್ಕೆ ಗುಳ್ಳೆ ಬಿಡುತ್ತದೆ. ಹನಿ ಪರೀಕ್ಷೆ ಮೋಸ ಮಾಡಿದ್ದು ಹೀಗೆ.

ಕೂರಿಸುವ ಮೊದಲು ಹರಳು ಬಿಡಿಯಾಗಿರುವಾಗಲೇ ತೂಕ ನೋಡಿ. 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. ಮೊದಲು ಒಣ ತೂಕ. ಆಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ, ಹರಳನ್ನು ದಾರದಲ್ಲಿ ಕಟ್ಟಿ ತಳ ಮುಟ್ಟದಂತೆ ಮುಳುಗಿಸಿ. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿ. 3.70 ಗ್ರಾಂ ಹರಳಿಗೆ 1.0ರ ಆಸುಪಾಸು ತೋರಿಸಿದರೆ ಸಾಂದ್ರತೆ 3.7, ಗ್ಯಾಸ್ಪೇಯೈಟ್. 1.4 ತೋರಿಸಿದರೆ 2.6, ಕ್ರೈಸೊಪ್ರೇಸ್ ಆಗಿರಬಹುದು. ದಾರಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ. ಕಲ್ಲಿನ ಜೊತೆ ಕಂದು ಬಂಡೆಯ ಭಾಗವೇ ಜಾಸ್ತಿ ಇದ್ದರೂ ಅಷ್ಟೇ, ಅಂಥದ್ದನ್ನು ಟಾರ್ಚ್ ಮೇಲೆ ಹಿಡಿಯಿರಿ: ಕ್ರೈಸೊಪ್ರೇಸ್‌ನ ತೆಳು ಅಂಚಿನಲ್ಲಿ ಬೆಳಕು ಹಾಯುತ್ತದೆ, ಗ್ಯಾಸ್ಪೇಯೈಟ್‌ನಲ್ಲಿ ಇಲ್ಲ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪನದಲ್ಲಿ ಗ್ಯಾಸ್ಪೇಯೈಟ್‌ಗೆ 4.5–5, ಕ್ರೈಸೊಪ್ರೇಸ್‌ಗೆ 6.5–7. ಹಿಂಬದಿಯಲ್ಲಿ ಚಾಕುಮೊನೆ ಎಳೆದರೆ ಗೆರೆ ಬೀಳುವುದು ಗ್ಯಾಸ್ಪೇಯೈಟ್‌ಗೆ. ಮಾರುವವರು ಇದಕ್ಕೆ ಒಪ್ಪುವುದು ಕಡಿಮೆ ಬಿಡಿ.

ರಿಪೇರಿಗೆ ಕೊಡುವಾಗ ಹರಳು ಬಿಚ್ಚಿಸಿ. ಮನೆಯಲ್ಲಿ ಬೆಳ್ಳಿ ತಿಕ್ಕಲು ಹುಣಸೆಹಣ್ಣು, ನಿಂಬೆ ಬೇಡ. ಉಗುರುಬೆಚ್ಚಗಿನ ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಮಂಕಾದುದನ್ನು ಮತ್ತೆ ಪಾಲಿಶ್ ಮಾಡಬಹುದು, ಆದರೆ ನೀರಿಲ್ಲದೆ ಉಜ್ಜಲೇಬಾರದು. ನಿಕಲ್ ಸಂಯುಕ್ತಗಳು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳ ಪಟ್ಟಿಯಲ್ಲಿವೆ. ಚಕ್ರಕ್ಕೆ ನೀರು ಸುರಿಯುತ್ತಲೇ ಇರಲಿ, ಮುಖಕ್ಕೆ ಬಿಗಿಯಾಗಿ ಕೂರುವ ದೂಳುಮಾಸ್ಕ್ ಇರಲಿ, ಕೆಳಗೆ ಕೂತ ಹಸಿರು ಕೆಸರನ್ನು ಒಣಗಿ ಹಾರುವ ಮೊದಲೇ ಒದ್ದೆ ಬಟ್ಟೆಯಲ್ಲಿ ಬಳಿದು ತೆಗೆಯಿರಿ.